ಕೊಡೆ ಕೆಂಚಣ್ಣನಿಗೆ ವ್ಯಾಖ್ಯಾನ

ವಂಶದಲ್ಲಿ ಮೊದಲ ಬಾರಿಗೆ ಪದವಿ ಪಡೆದವನಿಗೆ ನಗುವುದು ಸುಲಭದ ಕೆಲಸವಲ್ಲ. ನಗತಕ್ಕ ಸ್ಥಳ ಇದೇ ಹೌದೇ ಎಂದು ನಾನು ಅಕ್ಕಪಕ್ಕದವರನ್ನು ನೋಡಿ ಖಚಿತಪಡಿಸಿಕೊಳ್ಳುವಷ್ಟರಲ್ಲಿ ಅವರು ನಕ್ಕು ಮುಗಿಸಿರುತ್ತಾರೆ. ಇಂಥವನನ್ನು ಹಾಸ್ಯಚಿತ್ರಕಾರರೊಬ್ಬರ ಸನ್ಮಾನಸಭೆಗೆ ಭಾಷಣಕಾರನನ್ನಾಗಿ ಆರಿಸಿದವರು ನಮ್ಮ ರಾಜಾಜಿನಗರದ ನಿವಾಸಿಗಳ ಸಂಘದ ಕಾರ್ಯದರ್ಶಿ ಚೆನ್ನಬಸಪ್ಪನವರು.

ಚಿತ್ರಕಾರ ಸೀತಾಪತಿಯವರು, ಬಡಾವಣೆ ಏಳುವುದಕ್ಕೆ ಮೊದಲು ಇಲ್ಲಿದ್ದ ಹಳ್ಳಿಯಲ್ಲಿಯೇ ಹುಟ್ಟಿದವರು. ದಿನಪತ್ರಿಕೆಯಲ್ಲಿ ಅವರು ಬರೆಯುವ ‘ಕೊಡೆ ಕೆಂಚಣ್ಣ’ನನ್ನು ನೋಡದೆ ನಮ್ಮಲ್ಲಿ ಯಾರೂ ಕಾಫಿ ಮುಟ್ಟುತ್ತಿರಲಿಲ್ಲ. ಆದುದರಿಂದ ಸನ್ಮಾನ ಉಚಿತವೇ. ಆದರೆ ಸಂಘಕ್ಕೆ ನಡೆಸಿ ಗೊತ್ತಿದ್ದ ಕಾರ್ಯಕ್ರಮ ಒಂದೇ: ಶನಿವಾರ ಸಂಜೆಯ ಗಮಕ. ಶಾಲೆಯ ಮೇಷ್ಟ್ರೊಬ್ಬರು ಕಾವ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು.

“ಅದೇ ಥರ ಮಾಡ್ಬಿಡೋಣ ಸಾರ್,” ಎಂದರು ಚೆನ್ನಬಸಪ್ಪನವರು. “ಮೇಷ್ಟ್ರು ಹಾಡ್ತಾರೆ, ನೀವು ಅರ್ಥ ಹೇಳಿ. ಬಿ.ಎ. ಮಾಡಿರೋರು ಬೇರೆ ಯಾರಿದಾರೆ?”

“ಆ ಚಿತ್ರದಲ್ಲಿ ಮಾತೇ ಇರುವುದಿಲ್ಲವಲ್ಲ?”

“ಇನ್ನೂ ಒಳ್ಳೇದಾಯ್ತು ಬಿಡಿ. ಪೂರ್ತಿ ನೀವೇ ಹೇಳ್ಬಹುದು.”

ನಿರಾಕರಿಸಬಹುದಾಗಿತ್ತು. ಆದರೆ ಬಿನ್ನಿಪೇಟೆಯ ಗಿರಣಿಯಲ್ಲಿ ದುಡಿದು ನನ್ನನ್ನು ಓದಿಸಿದ ಅಪ್ಪ, ನಾನು ಸಭೆಯಲ್ಲಿ ಮಾತನಾಡುವುದನ್ನು ಒಮ್ಮೆಯೂ ಕೇಳಿರಲಿಲ್ಲ. ಅಂದು ಅವರು ಮಡಿ ಪಂಚೆಯುಟ್ಟು ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅವರು ಪಟ್ಟ ಪಾಡು ಸಾರ್ಥಕವೋ ಅಲ್ಲವೋ ಎಂಬುದು ನನ್ನ ನಾಲಗೆಯ ಮೇಲೆ ತೀರ್ಮಾನವಾಗಬೇಕಾಗಿತ್ತು.

ದೊಡ್ಡದಾಗಿ ಬರೆಸಿದ ಚಿತ್ರವನ್ನು ವ್ಯಾಸಪೀಠದ ಮೇಲಿಟ್ಟು ಸೇವಂತಿಗೆ ಹಾರ ಹಾಕಿದ್ದರು. ಮೂರು ಚೌಕಗಳ ಸಂಗತಿ ಇಷ್ಟೇ: ಕೆಂಚಣ್ಣ ಹೊಸ ಕೊಡೆ ಕೊಳ್ಳುತ್ತಾನೆ, ಮಳೆ ಬರುತ್ತದೆ, ಕೊಡೆ ನೆನೆದೀತೆಂದು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡುತ್ತಾನೆ. ಕಂಡೊಡನೆಯೇ ಸಭೆ ಗೊಳ್ಳೆಂದು ನಕ್ಕಿತು. ಅಲ್ಲಿಗೇ ನಮಸ್ಕಾರ ಹೇಳಿಬಿಡಬೇಕಾಗಿತ್ತು. ಆದರೆ ಮೇಷ್ಟ್ರು ಪದಗಳಿಲ್ಲದೆ ಮೋಹನವನ್ನು ಆಲಾಪಿಸಿ, ಮಳೆಯ ಚೌಕಕ್ಕೆ ರಾಗ ಬದಲಿಸಿ, ನನ್ನತ್ತ ತಲೆಯಾಡಿಸಿದರು. ನಾನು ಗಂಟಲು ಸರಿಪಡಿಸಿಕೊಂಡು ಆರಂಭಿಸಿದೆ. ಮಳೆಯೆಂದರೆ ಸಂಸಾರ, ಕೊಡೆಯೆಂದರೆ ವೈರಾಗ್ಯ. ಮಾನವನು ವೈರಾಗ್ಯವನ್ನು ಸಂಪಾದಿಸಿಯೂ ಅದನ್ನು ಬಿಚ್ಚಲಾರದೆ ಸಂಸಾರದಲ್ಲಿ ತೊಯ್ಯುತ್ತಾನೆ.

ಮೊದಲು ಹಿಂದಿನ ಸಾಲುಗಳ ನಗು ನಿಂತಿತು, ಅನಂತರ ಮುಂದಿನವರದು. ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಶೀತ ಆಗಲ್ವೇನಪ್ಪಾ ಅವನಿಗೆ?” ಎಂದರು. ಸೀತಾಪತಿಯವರೂ ಕೈಮುಗಿದು ಕುಳಿತಿದ್ದರು. ನಾನು ಮುಗಿಸುವ ವೇಳೆಗೆ ಗಾಂಭೀರ್ಯ ಎಷ್ಟು ದಟ್ಟವಾಗಿತ್ತೆಂದರೆ, ಯಾರೋ ಶನಿವಾರದ ಗಮಕದ ಅಭ್ಯಾಸಬಲದಿಂದ ಕೆಂಚಣ್ಣನಿಗೆ ಮಂಗಳಾರತಿಯನ್ನೇ ಎತ್ತಿಬಿಟ್ಟರು. ಎಲ್ಲರೂ ಎದ್ದು ನಿಂತರು. ಕೋಸಂಬರಿ ಬಂತು.

ಶಾಲು ಹೊದ್ದ ಸೀತಾಪತಿಯವರು ನನ್ನ ಕೈ ಹಿಡಿದು, “ಇಷ್ಟೆಲ್ಲಾ ಬರೆದಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ ಸಾರ್. ನಾಳೆಯಿಂದ ಕೈ ಓಡುತ್ತೋ ಇಲ್ವೋ!” ಎಂದರು.

ಮನೆಯ ದಾರಿಯಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನಿಂತು, “ಚೆಂದಾಗಿ ಮಾತಾಡ್ದೆ ಕಣ್ಲಾ,” ಎಂದರು.

“ಅರ್ಥವಾಯಿತೇ ಅಪ್ಪ?”

“ಒಂದಕ್ಷರನೂ ಆಗ್ಲಿಲ್ಲ. ನಂಗೇ ಅರ್ಥ ಆಗೋ ಹಂಗೆ ಮಾತಾಡೋದಾಗಿದ್ರೆ, ನಿನ್ನ ಕಾಲೇಜಿಗೆ ಯಾಕ್ಲಾ ಕಳಿಸ್ಬೇಕಿತ್ತು?”

ಇದು ಮೆಚ್ಚುಗೆಯೋ ಹಾಸ್ಯವೋ ನನಗೆ ಹೊಳೆಯಲಿಲ್ಲ. ಅರ್ಥ ಹೇಳುವವರು ಯಾರಾದರೂ ಎದುರಾದಾರೇ ಎಂದು ಮನೆಯವರೆಗೂ ನೋಡಿದೆ, ಯಾರೂ ಸಿಗಲಿಲ್ಲ.