ಪೌಂಡಿಗೆ ಬದಲಾದ ವೀಣೆ ಪಾಠ

ಮಂಗಳವಾರ, ಮಧ್ಯಾಹ್ನ ಎರಡೂವರೆ. ‘ಹತ್ತು ನಿಮಿಷದ ಕೆಲಸ’ ಎಂದು ಡೈರಿಯಲ್ಲಿ ಬರೆದು, ಮುಗಿಯಿತು ಎಂಬ ಗುರುತನ್ನೂ ಮುಂಚಿತವಾಗಿಯೇ ಹಾಕಿಬಿಟ್ಟೆ. ತಪ್ಪು ಒಂದು!

ತಿಲಕ್ ನಗರದಲ್ಲಿರುವ ನನ್ನ ಸೋದರತ್ತೆ ಆನ್‌ಲೈನಿನಲ್ಲಿ ವೀಣೆ ಕಲಿಸುತ್ತಾರೆ. ತಿಂಗಳ ಶುಲ್ಕ ಶಿಷ್ಯರ ಕಾರ್ಡಿನಿಂದ ತಾನಾಗಿಯೇ ಬರುವ ಚಂದಾ ಏರ್ಪಾಡು ಮಾಡಿಕೊಟ್ಟವಳು ನಾನು. ಅತ್ತೆಯ ಅಚ್ಚುಮೆಚ್ಚಿನ ಶಿಷ್ಯೆ ಮೇಘನಾ ಈಗ ಲಂಡನ್ನಿನಲ್ಲಿದ್ದಾಳೆ. ರೂಪಾಯಿಯ ಬದಲು ಪೌಂಡಿನಲ್ಲಿ ಕಟ್ಟುತ್ತೇನೆ ಎಂದಿದ್ದಳು. ಭಾನುವಾರ ಅಲ್ಲಿ ಅವಳ ಮೊದಲ ಕಛೇರಿ. ಅದಕ್ಕೆ ಮುಂಚಿನ ಕೊನೆಯ ಪಾಠ ಅಂದೇ ನಾಲ್ಕಕ್ಕೆ.

ನಡೆಯುತ್ತಿರುವ ಚಂದಾದ ಕರೆನ್ಸಿ ಬದಲಿಸಲು ಬರುವುದಿಲ್ಲವಂತೆ! ಹಳೆಯದನ್ನು ರದ್ದು ಮಾಡಿ ಹೊಸದನ್ನು ಶುರು ಮಾಡಬೇಕು. ನಾನು ಅಚ್ಚುಕಟ್ಟಿನವಳು. ಪರೀಕ್ಷೆಗೆಂದು ಮೊದಲು ನನ್ನದೇ ಹೆಸರು, ನನ್ನದೇ ಕಾರ್ಡು ಹಾಕಿ ಪೌಂಡಿನ ಚಂದಾ ಒಂದನ್ನು ಸಿದ್ಧಪಡಿಸಿದೆ. ಅದರ ಕೆಳಗೆ ಮೇಘನಾಳದ್ದು. ‘ಶುರು’ ಒತ್ತುವುದಷ್ಟೇ ಬಾಕಿ. ಎರಡು ಐವತ್ತೊಂಬತ್ತಕ್ಕೆ ಅವಳ ಹಳೆಯದನ್ನು ರದ್ದು ಮಾಡಿದೆ.

“ಈಗ ಹೊಸದು ಶುರು ಮಾಡ್ತೀನಿ ಅತ್ತೆ.”

“ತಡಿ ತಡಿ! ಟೈಮೆಷ್ಟು?”

“ಮೂರು ಹೊಡೀತು.”

“ರಾಹುಕಾಲ ಬಂತು ಕಣೇ! ಶುರು ಮಾಡೋದೇನಿದ್ರೂ ನಾಲ್ಕೂವರೆ ಮೇಲೆ.”

“ನಾಲ್ಕಕ್ಕೆ ಪಾಠ ಇದೆಯಲ್ಲ?”

“ಅದು ಹನ್ನೆರಡು ವರ್ಷದಿಂದ ನಡೀತಿರೋ ಪಾಠ. ಅದಕ್ಕೆಂಥ ರಾಹುಕಾಲ?”

ಒಪ್ಪಿದೆ. ತಪ್ಪು ಎರಡು. ಕಾಫಿ ಒಂದು ಲೋಟ, ನಿಪ್ಪಟ್ಟು ನಾಲ್ಕು.

ನಾಲ್ಕು ಗಂಟೆ ಮೂರು ನಿಮಿಷಕ್ಕೆ ಅತ್ತೆಯ ಫೋನು ಬಡಿದುಕೊಂಡಿತು. ಆ ಕಡೆ ಮೇಘನಾ ಅಳುತ್ತಿದ್ದಳು.

“ಮೇಡಂ, ನಾನೇನ್ ತಪ್ಪು ಮಾಡ್ದೆ? ಕ್ಲಾಸಿನೊಳಗೇ ಬಿಡ್ತಿಲ್ಲ. ‘ಇಷ್ಟು ದಿನ ಜೊತೆಗಿದ್ದಿದ್ದಕ್ಕೆ ಧನ್ಯವಾದ, ಬೇರೆಡೆ ನಿಮ್ಮ ಕಲಿಕೆ ಬೆಳಗಲಿ’ ಅಂತ ಮೇಲ್ ಬಂದಿದೆ! ಹೋದ ವಾರ ತಾನ ಸರಿಯಾಗಿ ನುಡಿಸ್ಲಿಲ್ಲ ಅಂತಾನಾ?”

ಚಂದಾ ರದ್ದಾದರೆ ಕ್ಲಾಸಿನ ಬಾಗಿಲೂ ಮುಚ್ಚಿಕೊಳ್ಳುತ್ತದೆ; ಜೊತೆಗೆ ತಾನಾಗಿ ಹೋಗುವ ಆ ಬೀಳ್ಕೊಡುಗೆ ಪತ್ರ ನನ್ನದೇ ರಚನೆ. ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ!

“ಅಯ್ಯೋ, ಅಳ್ಬೇಡ ಪುಟ್ಟಿ! ನಿನ್ನ ಯಾರು ಕಳಿಸ್ತಾರೆ? ಇವಳೇ ಏನೋ ಒತ್ತಿ ಎಡವಟ್ಟು ಮಾಡಿದಾಳೆ. ಫೋನಲ್ಲೇ ನುಡಿಸು, ನಾನು ಕೇಳ್ತೀನಿ.”

ಶಿಕ್ಷೆಯಾಗಿ, ಫೋನನ್ನು ಅತ್ತೆಯ ಕಿವಿಯ ಬಳಿ ಹಿಡಿದು ನಿಲ್ಲುವ ಕೆಲಸ ನನಗೆ. ಇಪ್ಪತ್ತೇಳು ನಿಮಿಷ! ಸರಿಯಾಗಿ ನಾಲ್ಕೂವರೆಗೆ ಅತ್ತೆ ಕಣ್ಣು ತೆರೆದರು.

“ಹೂಂ, ಈಗ ಒತ್ತು!”

ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಒತ್ತಿದೆ. ಮೇಲಿನ ಸಾಲು. ನನ್ನ ಹೆಸರು!

ಹಣ ಕಡಿತವಾಯಿತೆಂಬ ಬ್ಯಾಂಕಿನ ಸಂದೇಶ ನನ್ನ ಫೋನಿಗೆ ತಕ್ಷಣ ಬಂತು. ಬೆವರೂ ಬಂತು. ಕೂಡಲೇ ಕೆಳಗಿನ ಸಾಲನ್ನೂ ಒತ್ತಿದೆ. ಮೇಘನಾ ಕ್ಲಾಸಿನೊಳಗೆ ಬಂದಳು, ಕಣ್ಣೊರೆಸಿಕೊಂಡು ನಕ್ಕಳು. ಭಾನುವಾರದ ಕಛೇರಿಯೂ ಚೆನ್ನಾಗಿ ನಡೆಯಿತು. ಉಳಿದವಳು ನಾನು. ಆ ಮಂಗಳವಾರವೇ, ಪಾಠ ಮುಗಿದೊಡನೆ ಕೇಳಿದ್ದೆ.

“ಅತ್ತೆ, ನಂದು ರದ್ದು ಮಾಡ್ತೀನಿ.”

“ಮುಟ್ಬೇಡ! ರಾಹುಕಾಲ ಕಳೀತಿದ್ದ ಹಾಗೇ, ಒಳ್ಳೆ ಹೊತ್ತಲ್ಲಿ ಶುರುವಾಗಿದೆ. ಸರಸ್ವತಿ ತಾನಾಗೇ ಬಂದಿದಾಳೆ, ಆಚೆ ಕಳಿಸ್ತೀಯಾ?”

“ರೂಪಾಯಿಗಾದ್ರೂ ಬದಲಾಯಿಸ್ಲಾ?”

“ಬದಲಾಯಿಸೋಕೆ ರದ್ದು ಮಾಡ್ಬೇಕು ಅಂದಿದ್ದು ನೀನೇ ತಾನೆ?”

ಡೈರಿಯ ಇವತ್ತಿನ ಲೆಕ್ಕ: ಇಲ್ಲಿಯವರೆಗೆ ನನಗಾದ ಪಾಠ ಮೂರು, ಬೆರಳಿಗೆ ಗುಳ್ಳೆ ಎರಡು, ಶ್ರುತಿಗೆ ಸೇರಿದ ಸ್ವರ ಒಂದು. ಹತ್ತಿರದ ಬಿಟಿಎಂ ಲೇಔಟಿನ ನನ್ನ ಮನೆಯಿಂದ ನಡೆದು ಬಂದು, ಅತ್ತೆಯ ಎದುರಿಗೇ ಚಾಪೆಯ ಮೇಲೆ ಕುಳಿತು, ಪೌಂಡು ತೆತ್ತು ಸರಳೆ ವರಸೆ ಕಲಿಯುತ್ತಿರುವ ಶಿಷ್ಯೆ ಇಡೀ ತಿಲಕ್ ನಗರಕ್ಕೆ ನಾನೊಬ್ಬಳೇ!