ಚಿಕ್ಕಪ್ಪನ ಲೇತಿಗೆ ವರಾನ್ವೇಷಣೆ

ನಮ್ಮ ಚಿಕ್ಕಪ್ಪನನ್ನು ದಯವಿಟ್ಟು ಯಾರೂ ಊಟಕ್ಕೆ ಕರೆಯಬೇಡಿ. ಕರೆದರೂ ಹೋಳಿಗೆ ಮಾಡಬೇಡಿ! ಮಾರೇನಹಳ್ಳಿಯಲ್ಲಿರುವ ಅವರ ತಂಗಿ, ಅಂದರೆ ನಮ್ಮತ್ತೆ, ಒಂದು ಯುಗಾದಿಗೆ ಎರಡು ತಪ್ಪನ್ನೂ ಮಾಡಿದರು. ಎಲೆಗೆ ಹೋಳಿಗೆ ಬಿದ್ದದ್ದೇ ತಡ, ಚಿಕ್ಕಪ್ಪ ಜೇಬಿನಿಂದ ಅಳತೆಯ ವರ್ನಿಯರ್ ತೆಗೆದು, ಹೋಳಿಗೆಯ ಅಂಚಿಗೆ ಹಿಡಿದು, ಕನ್ನಡಕ ಏರಿಸಿ ನೋಡಿದರು.

“ಈ ಕಡೆ ನಾಲ್ಕು ಮಿಲಿ, ಆ ಕಡೆ ಎರಡೂವರೆ. ನಿನ್ನ ಲಟ್ಟಣಿಗೆ ಔಟ್ ಆಗಿದೆ ಕಣಮ್ಮ. ಕೊಡು, ಮನೇಲಿ ಒಂದು ಕಟ್ ಹೊಡ್ಕೊಂಡ್ ಬರ್ತೀನಿ.”

ಅತ್ತೆ ಲಟ್ಟಣಿಗೆ ಕೊಡಲಿಲ್ಲ. ತುಪ್ಪವನ್ನೂ ಬಡಿಸಲಿಲ್ಲ.

ಚಿಕ್ಕಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮಿಷನ್ ನಡೆಸಿದವರು. ಕಬ್ಬಿಣದ ತುಂಡನ್ನು ಗಿರ್ರನೆ ತಿರುಗಿಸಿ, ಉಳಿ ತಾಗಿಸಿ, ಬೇಕಾದ ಅಳತೆಗೆ ಕೆತ್ತುವ ಯಂತ್ರ ಅದು. ಕಾರ್ಖಾನೆ ಮುಚ್ಚಿದಾಗ ಜೊತೆಯವರೆಲ್ಲ ಬಂದ ದುಡ್ಡಿನಲ್ಲಿ ಮನೆಯ ಮೇಲೆ ಮಹಡಿ ಎಬ್ಬಿಸಿದರು. ಇವರು ತಮ್ಮ ಲೇತನ್ನೇ ಕೊಂಡು ಬಸವೇಶ್ವರನಗರದ ಮನೆಗೆ ತಂದರು! ಎಲ್ಲಿಟ್ಟರು? ಹಾಲಿನಲ್ಲಿ. ಸೋಫಾ ಎಲ್ಲಿ ಹೋಯಿತು? ಮೆಟ್ಟಿಲ ಕೆಳಗೆ. ಬಂದ ನೆಂಟರು ಎಲ್ಲಿ ಕೂರಬೇಕು? ಅದನ್ನು ನೆಂಟರೇ ಯೋಚಿಸಬೇಕು.

ಆರ್ಡರ್ ಇದ್ದ ದಿನ ಬೋಲ್ಟು, ಇಲ್ಲದ ದಿನ ಹಿತ್ತಾಳೆಯ ಕುಂಕುಮ ಭರಣಿ. ಎಂಥ ಭರಣಿ ಅಂತೀರಿ! ಮುಚ್ಚಳ ಇಟ್ಟರೆ ತಾನಾಗಿ ಮೆಲ್ಲಗೆ ಇಳಿದು ಕೂರುತ್ತಿತ್ತು. ಆದರೆ ಕೇಳಿದರೆ ಕೊಡಬೇಕಲ್ಲ? “ಒಂದು ಕೂದಲೆಳೆ ಜಾಸ್ತಿ ಇದೆ, ತಡಿ.” ನನ್ನ ಮದುವೆಗೆಂದು ಹಿಡಿದ ಭರಣಿಯನ್ನು ಕೂದಲೆಳೆ ಕೂದಲೆಳೆಯಾಗಿ ಕೆತ್ತುತ್ತಾ ಹೋಗಿ, ನನ್ನ ಮಗನ ನಾಮಕರಣದ ಹೊತ್ತಿಗೆ ತಂದುಕೊಟ್ಟರು. ಅಷ್ಟರಲ್ಲಿ ಅದು ಗುಂಡಿಯಾಗಿತ್ತು. “ಶರ್ಟಿಗೆ ಹಾಕ್ಕೋ” ಎಂದರು.

ಇನ್ನು ಚಿಕ್ಕಮ್ಮ. ಊದಿನಕಡ್ಡಿಗೂ ಮಣಿಯದ ಎಣ್ಣೆ ವಾಸನೆಯಲ್ಲಿ ಸಂಸಾರ ಮಾಡಿದವರು. ಆ ಯಂತ್ರವನ್ನು ಅವರು ಒಂದು ದಿನವೂ ಬೆರಳಿನಿಂದ ಮುಟ್ಟಿರಲಿಲ್ಲ.

“ಈ ಕಬ್ಬಿಣ ಇರ್ಬೇಕು, ಇಲ್ಲ ನಾನಿರ್ಬೇಕು. ನಾನು ತವರಿಗೆ ಹೋಗ್ತೀನಿ!”

“ಬರೋವಾಗ ಒಂದು ಲೀಟರ್ ಮಿಷನ್ ಆಯಿಲ್ ತಗೊಂಡ್ ಬಾ.”

ಆರು ತಿಂಗಳ ಹಿಂದೆ ಚಿಕ್ಕಪ್ಪನ ಬಲಗೈ ನಡುಗತೊಡಗಿತು. ಕಾಫಿ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಪಂಚೆಯ ಮೇಲಿರುತ್ತಿತ್ತು. ಡಾಕ್ಟರು “ತಿರುಗೋ ಮಿಷನ್ ಹತ್ರ ಹೋಗ್ಲೇಬೇಡಿ” ಎಂದರು. ಲೇತ್ ಮಾರುವುದೆಂದು ತೀರ್ಮಾನವಾಯಿತು. ಅಂದಿನಿಂದ ಈ ಮನುಷ್ಯ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪೇಪರ್ ಬಿಚ್ಚುವುದು, ಓದದೆ ಮಡಿಸುವುದು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗುವುದು, ಏನೋ ಮರೆತವರಂತೆ ವಾಪಸ್ ಬಂದು ಲೇತಿನ ಮೇಲಿನ ಬಟ್ಟೆ ಸರಿಮಾಡುವುದು. ನೋಡುತ್ತಾ ಕೂತ ನಮಗೇ ಕಾಲು ನೋಯುತ್ತಿತ್ತು.

ಸ್ವಂತ ಮಗಳಿಗೆ ಗಂಡು ನೋಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೆಲಸ ಪರ್ಮನೆಂಟಾ?” ಲೇತಿಗೆ ಮಾತ್ರ ಗಂಡು ಒಪ್ಪಿಗೆಯೇ ಆಗಲೊಲ್ಲದು! ಅತ್ತಿಗುಪ್ಪೆಯಿಂದ ಬಂದವನು ಮಿಷನ್ ಮೇಲೆ ಹೆಲ್ಮೆಟ್ ಇಟ್ಟ. ರಿಜೆಕ್ಟ್. ಕೆಂಗೇರಿಯವನನ್ನು ಎಷ್ಟು ದಿನಕ್ಕೊಮ್ಮೆ ಎಣ್ಣೆ ಹಾಕ್ತೀರಿ ಎಂದರೆ ವಾರಕ್ಕೊಂದು ಸಲ ಎಂದ. “ಅದು ನಿಮ್ಮ ತಲೆಗೆ ಹಚ್ಕೊಳ್ಳೋ ಲೆಕ್ಕ. ಹೋಗಿಬನ್ನಿ.” ರಿಜೆಕ್ಟ್!

ಮೂರನೆಯವರು ಅನ್ನಪೂರ್ಣೇಶ್ವರಿ ನಗರದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮಿಷನ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಿಕ್ಕಪ್ಪನ ಮುಖ ಬಾಡಿತು. ಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ.

“ಒಂದು ಕಟ್ ಹಾಕಿ ತೋರ್ಸಿ ಸಾರ್. ನೋಡ್ಬಿಟ್ಟು ಕರ್ಕೊಂಡ್ ಹೋಗ್ತೀನಿ.”

ಚಿಕ್ಕಪ್ಪ ಕಬ್ಬಿಣದ ತುಂಡು ಬಿಗಿದು ಸ್ವಿಚ್ ಒತ್ತಿದರು. ಉಳಿಯನ್ನು ಸರಿಸುವ ಕೈಚಕ್ರ ಹಿಡಿದರು. ಕೈ ನಡುಗಿತು, ಉಳಿ ತಾಗಿ ಕಿರ್ರೆಂದಿತು. ಹಿಂದಕ್ಕೆ ತೆಗೆದರು. ಮತ್ತೆ ಹಿಡಿದರು, ಮತ್ತೆ ಕಿರ್ರೆಂದಿತು. ಮೂವತ್ತು ವರ್ಷದ ಕೆಲಸಗಾರ ಹೊಸಬರ ಮುಂದೆ ಹೀಗೆ ನಿಂತದ್ದು ನನಗೆ ನೋಡಲಾಗಲಿಲ್ಲ, ಫ್ಯಾನ್ ನೋಡತೊಡಗಿದೆ.

ಅಡುಗೆಮನೆಯಿಂದ ಚಿಕ್ಕಮ್ಮ ಬಂದರು.

“ನೀನ್ಯಾಕೆ ಬಂದೆ? ದೂರ ನಿಂತ್ಕೋ! ಸೆರಗು ಸಿಕ್ಕೊಂಡೀತು!”

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಬಿಗಿದರು. ಚಿಕ್ಕಪ್ಪನ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತಿ ಹಿಡಿದರು.

“ಎಷ್ಟು ತಿರುಗಿಸ್ಬೇಕು, ಹೇಳಿ.”

“ಮೆಲ್ಲಗೆ ಕಣೇ... ಹಾಂ, ಹಂಗೇ.”

ಉಳಿಯ ತುದಿಯಿಂದ ಕಬ್ಬಿಣದ ಎಳೆ ಸುರುಳಿ ಸುರುಳಿಯಾಗಿ, ಎಲ್ಲಿಯೂ ತುಂಡಾಗದೆ ಇಳಿಯಿತು.

“ಕರ್ಕೊಂಡ್ ಹೋಗಿ” ಎಂದರು ಚಿಕ್ಕಪ್ಪ, ಸ್ವಿಚ್ ಆರಿಸಿ. ಚಿಕ್ಕಮ್ಮ ಮಾತ್ರ ಚಕ್ರದ ಮೇಲಿನ ಕೈ ತೆಗೆಯಲಿಲ್ಲ. ಆ ದಿನ ಅತ್ತವರು ಅವರೇ.