ಸೆಕೆಂಡೂ ತಪ್ಪದ ಗಡಿಯಾರ

ಮದುವೆಯಾದಂದಿನಿಂದ ಒಮ್ಮೆಯಾದರೂ ಹೆಂಡತಿ ರೋಸ್ವಿತಾ ಹೇಳಿದ ಹೊತ್ತಿಗೆ ಕೋಟು ತೊಟ್ಟು ಬಾಗಿಲಲ್ಲಿ ನಿಂತವಳಲ್ಲ ಎಂಬುದು ಎಕಾರ್ಟ್‌ನ ಜೀವಮಾನದ ಅಹವಾಲು. ಜರ್ಮನಿಯ ಕಾಸೆಲ್ ನಗರದ ಶಾಲೆಯೊಂದರಲ್ಲಿ ಉಪಪ್ರಾಂಶುಪಾಲನಾಗಿ ನಿವೃತ್ತನಾದವನು ಅವನು. ತಡವಾಗಿ ಬಂದ ಹುಡುಗರನ್ನು ಗೇಟಿನ ಹೊರಗೆ ಚಳಿಯಲ್ಲಿ ನಿಲ್ಲಿಸಿ ರಾಷ್ಟ್ರನಿರ್ಮಾಣ ಮಾಡಿದ ಮಹಾನುಭಾವ. ಈಗ ನಿಲ್ಲಿಸಲು ಹೆಂಡತಿಯೊಬ್ಬಳೇ ಉಳಿದಿದ್ದಳು. ಅವಳೋ ನಿಲ್ಲುವ ಪೈಕಿಯಲ್ಲ.

ಸೋಮವಾರ ಹನ್ನೊಂದಕ್ಕೆ ನಗರಸಭೆಯ ವಿವಾಹ ನೋಂದಣಿ ಕಚೇರಿಯಲ್ಲಿ ಒಬ್ಬಳೇ ಮಗಳು ಫ್ರೌಕೆಯ ಮದುವೆ. ಅಲ್ಲಿ ಒಂದು ಜೋಡಿಯ ಹಿಂದೆ ಇನ್ನೊಂದು ಜೋಡಿ ಸಾಲುಗಟ್ಟಿರುತ್ತದೆ. ಯಾರಿಗಾಗಿಯೂ ಕಾಯುವ ಪದ್ಧತಿಯಿಲ್ಲ. ಅಪ್ಪನೇ ಸಾಕ್ಷಿಯಾಗಿ ಸಹಿ ಹಾಕಬೇಕೆಂದು ಫ್ರೌಕೆ ಆಸೆಪಟ್ಟಿದ್ದಳು.

"ನಿಮ್ಮಮ್ಮನ್ನ ಹೊತ್ತಿಗೆ ಸರಿಯಾಗಿ ಹೊರಡಿಸೋದು ನನ್ನ ಜವಾಬ್ದಾರಿ" ಎಂದು ಎಕಾರ್ಟ್ ಘೋಷಿಸಿ, ರೇಡಿಯೊ ಅಲೆ ಹಿಡಿದು ತಾನೇ ಸಮಯ ಹೊಂದಿಸಿಕೊಳ್ಳುವ ಡಿಜಿಟಲ್ ಗಡಿಯಾರವೊಂದನ್ನು ಕೊಂಡು ತಂದ. (ಮೊಬೈಲು ಇನ್ನೂ ಎಲ್ಲರ ಜೇಬು ಸೇರಿರದ ಕಾಲ.)

ಭಾನುವಾರ ಸಂಜೆ ಊಟದ ಮೇಜಿನ ಮೇಲೆ ಅದರ ಅನಾವರಣವಾಯಿತು.

"ರೋಸ್ವಿತಾ, ಬಂದು ಕೂತ್ಕೋ. ಸುರಕ್ಷತೆಯ ಸೂಚನೆ ಓದ್ತೀನಿ."

"ಯಾಕೆ, ಅದು ಕಚ್ಚುತ್ತಾ?"

"ಬ್ಯಾಟರಿ ತಿರುಗಾಮುರುಗಾ ಹಾಕಬಾರದು. ಹಳೇದು ಹೊಸದು ಬೆರೆಸಬಾರದು. ಬೆಂಕಿಗೆ ಹಾಕಬಾರದು. ನುಂಗಬಾರದು."

"ಅಯ್ಯೋ, ರಾತ್ರಿಗೆ ಆಲೂಗಡ್ಡೆ ಜೊತೆ ಅದನ್ನೇ ಬೇಯಿಸೋಣ ಅಂತಿದ್ದೆ!"

ಟಿ.ವಿ. ಹತ್ತಿರ ಇದ್ದರೆ ಅಲೆ ಸಿಗುವುದಿಲ್ಲವೆಂದು ಮುಂದಿನ ಸಾಲು ಹೇಳಿತು. ಎಕಾರ್ಟ್ ಟಿ.ವಿ.ಯ ಪ್ಲಗ್ ಕಿತ್ತ. ಅನುಮಾನಕ್ಕೆ ಎಡೆಯಿರಬಾರದೆಂದು ಅಡುಗೆಮನೆಯ ರೇಡಿಯೊದ ಬಾಯಿಯನ್ನೂ ಮುಚ್ಚಿಸಿದ. ರೋಸ್ವಿತಾಳ ಭಾನುವಾರದ ಪತ್ತೇದಾರಿ ಧಾರಾವಾಹಿಯಲ್ಲಿ ಕೊಲೆಗಾರ ಯಾರೆಂಬುದು ಅಲ್ಲಿಗೆ ಕತ್ತಲಾಯಿತು.

"ಕೊನೇದು. ಅಲೆ ಹಿಡಿಯೋವಾಗ ಯಾವ ಗುಂಡಿಯನ್ನೂ ಒತ್ತಬಾರದು. ಯಾವ ಗುಂಡಿಯನ್ನೂ! ಕೇಳಿಸ್ತಾ?"

"ನಾನ್ಯಾಕೆ ಒತ್ತಲಿ ಮಾರಾಯ?"

ಗಡಿಯಾರ ಕಿಟಕಿಕಟ್ಟೆಯ ಮೇಲೆ ಕಣ್ಣು ಮಿಟುಕಿಸುತ್ತ ಕೂತಿತು. ಎಕಾರ್ಟ್ ಕಾದ. ಮತ್ತೆ ಕಾದ. ಹೆಂಡತಿ ಪಾತ್ರೆ ತೊಳೆಯಲು ಹೋದಾಗ, ಸುಮ್ಮನೆ ಹುರಿದುಂಬಿಸಲೆಂದು, ಒಂದೇ ಒಂದು ಗುಂಡಿ ಒತ್ತಿದ. ಅದು ಇಂಗ್ಲೆಂಡಿಗೆ ಪ್ರವಾಸ ಹೋಗುವವರಿಗಾಗಿ ಸಮಯವನ್ನು ಒಂದು ಗಂಟೆ ಹಿಂದೆ ತಳ್ಳುವ ಗುಂಡಿಯಾಗಿತ್ತು. ಗಡಿಯಾರ ಕುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಅಲೆಯೂ ಸಿಕ್ಕಿತು. ಆರು ಗಂಟೆ. ಗೋಡೆಯ ಗಡಿಯಾರದಲ್ಲಿ ಏಳು.

"ನೋಡಿದ್ಯಾ!" ಎಂದು ಎಕಾರ್ಟ್ ಕುಣಿದಾಡಿದ. "ಇವತ್ತಿಂದ ಚಳಿಗಾಲದ ಸಮಯ. ದೇಶದ ಎಲ್ಲಾ ಗಡಿಯಾರ ಒಂದು ಗಂಟೆ ಹಿಂದಿಡಬೇಕು. ನೀನು ಮರೆತೆ. ಇದು ಮರೀಲಿಲ್ಲ!"

"ಬೆಳಿಗ್ಗೆ ಎದ್ದ ತಕ್ಷಣ ನಾನೇ ಹಿಂದಿಟ್ಟೆ ಕಣೋ, ಎಲ್ಲಾನೂ!"

"ನೀನು? ನೆನಪಿಟ್ಕೊಂಡು?" ಅವನು ಅನುಕಂಪದಿಂದ ನಕ್ಕ. ಆಮೇಲೆ ಕೈಗಡಿಯಾರದಿಂದ ಅಲಾರಂವರೆಗೆ ಮನೆಯ ಸಕಲ ಗಡಿಯಾರಗಳನ್ನೂ ಇನ್ನೊಂದು ಗಂಟೆ ಹಿಂದಕ್ಕೆ ತಳ್ಳಿದ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಚರ್ಚಿನ ಗಂಟೆ ಹತ್ತು ಹೊಡೆಯಿತು. ಮನೆಯಲ್ಲಿ ಒಂಬತ್ತು.

"ಎಕಾರ್ಟ್, ಹತ್ತಾಯ್ತು!"

"ಚರ್ಚಿನವನು ಮರೆತಿದ್ದಾನೆ. ದೇವರ ಕೆಲಸ ಮಾಡೋರಿಗೆ ಹೊತ್ತಿನ ಪರಿವೆ ಎಲ್ಲಿರುತ್ತೆ?"

"ಬ್ರೆಡ್ ತರೋಕೆ ಹೋದಾಗ ಬೇಕರಿಯವಳೂ ನಮ್ಮನೆ ಗಡಿಯಾರ ಒಂದು ಗಂಟೆ ಹಿಂದಿದೆ ಅಂದಳಲ್ಲ?"

"ಅವಳು ಚರ್ಚಿನ ಗಂಟೆ ಕೇಳಿ ಬ್ರೆಡ್ ಸುಡೋಳು. ಇದು ಭೌತವಿಜ್ಞಾನ ಕಣೇ! ಇಡೀ ಊರೇ ತಪ್ಪಿರಬಹುದು, ಇದು ತಪ್ಪಲ್ಲ."

"ಹಾಗಾದ್ರೆ ನೀನು ಭೌತವಿಜ್ಞಾನದ ಜೊತೆ ಬಾ. ನಾನು ಟ್ರಾಮಲ್ಲಿ ಹೋಗ್ತೀನಿ" ಎಂದು ರೋಸ್ವಿತಾ ಕೋಟು ತೊಟ್ಟು ನಡೆದೇಬಿಟ್ಟಳು. ಒಂದು ಗಂಟೆ ಮೊದಲೇ ಹೋಗಿ ಕಾಯಲಿ, ಬುದ್ಧಿ ಬರುತ್ತದೆ ಎಂದುಕೊಂಡ ಎಕಾರ್ಟ್ ನಿಧಾನವಾಗಿ ಗಡ್ಡ ಹೆರೆದು, ಬೂಟಿಗೆ ಎರಡೆರಡು ಸಲ ಪಾಲಿಶ್ ಹಾಕಿದ.

ತನ್ನ ಕೈಗಡಿಯಾರದ ಪ್ರಕಾರ ಹತ್ತು ನಿಮಿಷ ಮುಂಚಿತವಾಗಿಯೇ ಅವನು ನಗರಸಭೆ ತಲುಪಿದ. ಅಲ್ಲಿನ ಗೋಡೆಯ ಗಡಿಯಾರ ಹನ್ನೆರಡಕ್ಕೆ ಹತ್ತಿರವಿತ್ತು. (ಸರ್ಕಾರಿ ಕಚೇರಿ, ಇನ್ನೇನಾಗಿರುತ್ತೆ!) ಸಭಾಂಗಣದ ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತ. ಗುರುತಿನ ಮುಖ ಒಂದೂ ಇಲ್ಲ. ಅಳಿಯನ ಕಡೆಯವರೆಂದು ಎಲ್ಲರ ಕೈ ಕುಲುಕಿದ. ಪಕ್ಕದ ಅಜ್ಜಿಗೆ, "ಹುಡುಗಿಯ ತಾಯಿ ಇನ್ನೂ ಬಂದಿಲ್ಲ. ಯಾವಾಗಲೂ ಹೀಗೇ" ಎಂದು ನಿಟ್ಟುಸಿರಿಟ್ಟ.

"ನಾನೇ ಹುಡುಗಿ ತಾಯಿ" ಎಂದಳು ಹಿಂದಿನ ಸಾಲಿನವಳು. "ನೀವ್ಯಾರು?"

ಅಷ್ಟರಲ್ಲಿ ಅಧಿಕಾರಿ ಬಂದು ವಧೂವರರ ಹೆಸರು ಓದಿದಳು. ಎಕಾರ್ಟ್ ಎದ್ದು ನಿಂತು, ಶಾಲೆಯ ದನಿಯಲ್ಲೇ ಗದರಿದ: "ಹೆಸರು ತಪ್ಪು! ಹನ್ನೊಂದರ ಮದುವೆ ನನ್ನ ಮಗಳದು!"

"ಹನ್ನೊಂದರದ್ದು ಸರಿಯಾಗಿ ಹನ್ನೊಂದಕ್ಕೇ ಆಯ್ತು ಸರ್" ಎಂದಳು ಅವಳು. "ಒಬ್ಬ ಸಾಕ್ಷಿ ಬರಲಿಲ್ಲ. ಹುಡುಗಿ ಬಾಗಿಲು ನೋಡ್ತಾನೇ ಇದ್ದಳು, ಪಾಪ. ಕೊನೆಗೆ ತಾಯಿ ಸಹಿ ಹಾಕಿದರು."

ಎಕಾರ್ಟ್ ತನ್ನ ಕೈಗಡಿಯಾರ ನೋಡಿದ, ಗೋಡೆಯ ಗಡಿಯಾರ ನೋಡಿದ. ಭೌತವಿಜ್ಞಾನ ನೆರವಿಗೆ ಬರಲಿಲ್ಲ.

ಮದುವೆಯೂಟದ ಹೋಟೆಲಿಗೆ ಓಡಿದಾಗ ಎಲ್ಲರ ಸೂಪು ಮುಗಿದಿತ್ತು. ಅಳಿಯ ಎದ್ದು ಕುರ್ಚಿ ಎಳೆದುಕೊಟ್ಟ. ಫ್ರೌಕೆ ಬಾಡಿದ ಹೂಗುಚ್ಛ ತೆಗೆದುಕೊಂಡು, ಅಪ್ಪನ ಟೈ ಸರಿಮಾಡಿದಳು. ಅವನಿಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು. ರೋಸ್ವಿತಾ ಮಾತ್ರ, "ಬಾ, ಕೂತ್ಕೋ. ಟ್ರಾಫಿಕ್ ಜಾಸ್ತಿ ಇತ್ತಾ?" ಎಂದಳು.

ಮಗಳ ಮದುವೆಯ ಒಂದು ಫೋಟೋದಲ್ಲೂ ಎಕಾರ್ಟ್ ಇಲ್ಲ. ಆದರೆ ಕಾಸೆಲ್‌ನ ಇನ್ಯಾರದೋ ಮನೆಯ ಆಲ್ಬಮ್ಮಿನಲ್ಲಿ, ಮುಂದಿನ ಸಾಲಿನ ನಟ್ಟನಡುವೆ, ಹೂಗುಚ್ಛ ಹಿಡಿದ ಅಪರಿಚಿತನೊಬ್ಬ ಎಲ್ಲರೂ ತಡವಾಗಿ ಬಂದರೆಂದು ಮುಖ ಸಿಂಡರಿಸಿಕೊಂಡು ಇವತ್ತಿಗೂ ಕೂತಿದ್ದಾನೆ.